ಹಸಿರು ಯಾರ ಬಣ್ಣ?

ಹಸಿರು ಬಾವುಟ ಕಂಡೊಡನೆ ಅದು ಇಸ್ಲಾಮಿನದೇ ಎಂದು ನಂಬುವವರು ಎರಡೂ ಕಡೆ ಇದ್ದಾರೆ. ಕೆಲವರದು ಅಭಿಮಾನ, ಕೆಲವರದು ಭಯ. ಇಬ್ಬರೂ ಲಿಬಿಯಾದ ಬಾವುಟದ ಚರಿತ್ರೆಯನ್ನು ಒಮ್ಮೆ ಗಮನಿಸಲಿ ಎಂಬುದು ನಮ್ಮ ವಿನಂತಿ.

1951ರಲ್ಲಿ ಸ್ವತಂತ್ರವಾದ ಲಿಬಿಯಾ ಆರಿಸಿಕೊಂಡದ್ದು ಕೆಂಪು, ಕಪ್ಪು, ಹಸಿರು ಪಟ್ಟಿಗಳ ಬಾವುಟ. ನಡುವಿನ ಕಪ್ಪಿನಲ್ಲಿ ಬಿಳಿಯ ಚಂದ್ರ, ತಾರೆ. ಮೂರು ಬಣ್ಣಗಳನ್ನು ಮೂರು ಪ್ರಾಂತ್ಯಗಳಿಗೆ ಹೊಂದಿಸಿ ಹೇಳುವುದುಂಟು: ಕೆಂಪು ಫೆಝಾನ್, ಕಪ್ಪು ಸೈರೆನೈಕಾ, ಹಸಿರು ಟ್ರಿಪೊಲಿಟೇನಿಯಾ. ಕಪ್ಪು ಪಟ್ಟಿ ಸನೂಸಿ ಎಂಬ ಸೂಫಿ ಪಂಥದ ಬಾವುಟದಿಂದ ಬಂದದ್ದು. ಇಟಲಿಯ ವಿರುದ್ಧ ಎರಡು ದಶಕ ಕಾದಾಡಿ 1931ರಲ್ಲಿ ಗಲ್ಲಿಗೇರಿದ ಉಮರ್ ಮುಖ್ತಾರ್ ಇದೇ ಪಂಥದವರು. ಮಕ್ಕಳಿಗೆ ಕುರ್‌ಆನ್ ಕಲಿಸುತ್ತಿದ್ದ ಮೇಷ್ಟರು. ಧರ್ಮ ಆ ಬಾವುಟದಲ್ಲಿತ್ತು. ಇಡೀ ಬಟ್ಟೆಯನ್ನು ನುಂಗಿರಲಿಲ್ಲ.

1969ರಲ್ಲಿ ಅಧಿಕಾರ ಕಿತ್ತುಕೊಂಡ ಕರ್ನಲ್ ಗಡಾಫಿ ಅದನ್ನು ಇಳಿಸಿದ. 1972ರಿಂದ ಈಜಿಪ್ಟ್, ಸಿರಿಯಾಗಳ ಜೊತೆ ಒಂದೇ ಬಾವುಟ ಹಂಚಿಕೊಂಡ. 1977ರ ನವೆಂಬರಿನಲ್ಲಿ ಈಜಿಪ್ಟಿನ ಸಾದಾತ್ ಜೆರುಸಲೇಮಿಗೆ ಹೋದಾಗ ಸಿಟ್ಟಿಗೆದ್ದು ಅದನ್ನೂ ಬಿಟ್ಟ. ಬಂದದ್ದು ಬರೀ ಹಸಿರು. ಚಂದ್ರನಿಲ್ಲ, ತಾರೆಯಿಲ್ಲ, ಅಕ್ಷರವಿಲ್ಲ. ಅವನ ಸಿದ್ಧಾಂತದ ಹೊತ್ತಗೆಯೂ ‘ಹಸಿರು ಪುಸ್ತಕ’, ಟ್ರಿಪೋಲಿಯ ನಡುವಿನ ಮೈದಾನವೂ ‘ಹಸಿರು ಚೌಕ’. ಬೇರೆ ಬಣ್ಣಕ್ಕೆ ಜಾಗವಿಲ್ಲದ ಬಾವುಟದಡಿ ಬೇರೆ ಮಾತಿಗೂ ಜಾಗವಿರಲಿಲ್ಲ. 1996ರಲ್ಲಿ ಅಬು ಸಲೀಂ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕೊಲ್ಲಲಾಯಿತೆಂದು ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ. ಅವರಲ್ಲಿ ಇಸ್ಲಾಮಿನ ಹೆಸರಿನಲ್ಲೇ ಸರಕಾರವನ್ನು ವಿರೋಧಿಸಿದವರು ಬಹಳ ಮಂದಿ. ಈ ಹಸಿರನ್ನು ಇಸ್ಲಾಮಿನದೆಂದು ಯಾವ ಬಾಯಿಂದ ಹೇಳುವುದು?

2011ರ ಫೆಬ್ರವರಿಯಲ್ಲಿ ಬೆಂಗಾಜಿಯ ಬೀದಿಗೆ ಮೊದಲು ಇಳಿದವರಲ್ಲಿ ಆ ಕೈದಿಗಳ ಮನೆಯವರಿದ್ದರು. ಕೆಲವೇ ದಿನಗಳಲ್ಲಿ ಹಳೆಯ ಮೂರು ಬಣ್ಣದ ಬಾವುಟ ಮತ್ತೆ ಮೇಲೇರಿತು.

ಹಾಗೆಂದು ಅದನ್ನೂ ನಾವು ಪೂಜಿಸಲಾರೆವು. 2014ರಲ್ಲಿ ಅಧಿಕಾರ ಪೂರ್ವ, ಪಶ್ಚಿಮಗಳ ನಡುವೆ ಒಡೆಯಿತು. ಎರಡು ಕಡೆಯವರೂ ಅದೇ ಬಾವುಟ ಹಿಡಿದು ಪರಸ್ಪರ ಗುಂಡು ಹಾರಿಸಿದರು. ದೆರ್ನಾ ಊರಿನ ಮೇಲ್ಭಾಗದ ಅಣೆಕಟ್ಟುಗಳಲ್ಲಿ ಬಿರುಕು ಕಂಡದ್ದು 1998ರಲ್ಲಿ, ಹಸಿರಿನ ಕಾಲದಲ್ಲಿ. ಅವು ಒಡೆದು ಸಾವಿರಾರು ಜನ ಕೊಚ್ಚಿಹೋದದ್ದು 2023ರ ಸೆಪ್ಟೆಂಬರಿನಲ್ಲಿ, ಮೂರು ಬಣ್ಣದ ಕಾಲದಲ್ಲಿ. ನಡುವೆ ಬಾವುಟ ಬದಲಾಯಿತು, ಬಿರುಕು ಮುಚ್ಚಲಿಲ್ಲ.

ಅಭಿಮಾನಪಡುವವರಿಗೂ ಭಯಪಡುವವರಿಗೂ ನಮ್ಮ ಮಾತು ಒಂದೇ. ಬಾವುಟದ ಅರ್ಥ ಬೇಕಾದವರು ಅದರಡಿಯ ಜೈಲುಗಳನ್ನೂ ಅಣೆಕಟ್ಟುಗಳನ್ನೂ ನೋಡಲಿ.