ಗೃಹವಾರ್ತೆ: ಸುಕ್ಕುಗಟ್ಟದ ಹತ್ತಿಯ ಬಟ್ಟೆ

ಇಸ್ತ್ರಿಯ ಹಂಗಿಲ್ಲದ ಹತ್ತಿಯ ಅಂಗಿ ಯಾವ ಗೃಹಿಣಿಗೆ ತಾನೆ ಬೇಡ? ಆದರೆ ಈ ಸೌಕರ್ಯಕ್ಕಾಗಿ ಬಟ್ಟೆಯು ತೆರುವ ಬೆಲೆಯನ್ನೂ ಅರಿತಿರುವುದು ಲೇಸು.

ಹತ್ತಿಯ ಎಳೆಯೆಂಬುದು ಸೆಲ್ಯುಲೋಸಿನ ಉದ್ದನೆಯ ಸರಪಳಿಗಳ ಕಟ್ಟು. ನೀರು ಒಳಹೊಕ್ಕೊಡನೆ ಆ ಸರಪಳಿಗಳ ನಡುವಣ ದುರ್ಬಲ ಬಂಧಗಳು ಬಿಡುತ್ತವೆ. ಆರುವಾಗ ಮುದುಡಿದ ಸ್ಥಿತಿಯಲ್ಲಿಯೇ ಮರಳಿ ಕೂಡುತ್ತವೆ. ಸುಕ್ಕು ಹುಟ್ಟುವುದು ಹೀಗೆ. 1920ರ ದಶಕದಲ್ಲಿ ಮ್ಯಾಂಚೆಸ್ಟರಿನ ಟೂಟಲ್ ಸಂಸ್ಥೆಯ ರಸಾಯನಜ್ಞರು ಫಾರ್ಮಾಲ್ಡಿಹೈಡ್ ಬೆರೆತ ರಾಳವನ್ನು ಎಳೆಯೊಳಗೆ ಇಳಿಸಿ, ಕಾಸಿ, ಇದಕ್ಕೆ ಉಪಾಯ ಕಂಡರು. ಮುಂದೆ ನ್ಯೂ ಆರ್ಲಿಯನ್ಸಿನಲ್ಲಿ ರೂತ್ ಬೆನೆರಿಟೊ ಮತ್ತು ಅವರ ಸಹೋದ್ಯೋಗಿಗಳು ಈ ವಿದ್ಯೆಯನ್ನು ಬೆಳೆಸಿದರು. ಏಣಿಯ ಮೆಟ್ಟಿಲುಗಳಂತೆ ಸರಪಳಿಗಳನ್ನು ಬಿಗಿದರೆ ಬಟ್ಟೆ ಮುದುಡದು. ಆದರೆ ಎಳೆದಾಗ ಜಾರಿಕೊಳ್ಳಲಾರದೆ ಎಳೆಯು ಬೇಗ ಹರಿಯುವುದು. ಕಾಲರಿನ ಅಂಚು ಮೊದಲು ಸವೆಯುವುದು ಇದರಿಂದಲೇ.

ಬಟ್ಟೆಯಲ್ಲಿ ಉಳಿದ ಫಾರ್ಮಾಲ್ಡಿಹೈಡ್ ಕೆಲವರ ಚರ್ಮಕ್ಕೆ ತುರಿಕೆಯನ್ನು ತರುತ್ತದೆ. ಆದಕಾರಣ ಹೊಸ ಬಟ್ಟೆಯನ್ನು ಒಮ್ಮೆ ಒಗೆದೇ ಉಡಬೇಕು. ಇಂತಹ ಬಟ್ಟೆಗೆ ಬಿಳುಪಿನ ಕ್ಲೋರಿನ್ ಸೋಕಿಸಬಾರದು. ಕೆಲವು ರಾಳಗಳು ಅದನ್ನು ಹಿಡಿದಿಟ್ಟುಕೊಂಡು ಬಟ್ಟೆಯನ್ನು ಹಳದಿಯಾಗಿಸುತ್ತವೆ.

“ಕ್ರಿಮಿನಾಶಕ” ಎಂಬ ಚೀಟಿಯ ಬಟ್ಟೆಗಳಲ್ಲಿ ಬೆಳ್ಳಿಯ ಲವಣಗಳೇ ಮೊದಲಾದ ಲೇಪಗಳಿರುತ್ತವೆ. ಬೆವರನ್ನು ನಾರಿಸುವ ಸೂಕ್ಷ್ಮಜೀವಿಗಳನ್ನು ಅವು ತಡೆಯುವುದು ನಿಜ. ಆದರೆ ಅನೇಕ ಲೇಪಗಳು ಒಗೆದಂತೆಲ್ಲ ನೀರಿನ ಪಾಲಾಗುತ್ತವೆ. ಅವನ್ನು ನಂಬಿ ಒಗೆತವನ್ನು ಮುಂದೂಡುವುದು ಸಲ್ಲದು.

ದೂರ ಪ್ರಯಾಣಕ್ಕೆ, ಕಚೇರಿಗೆ ಸುಕ್ಕಿಲ್ಲದ ಅಂಗಿಯಿರಲಿ. ತೊಟ್ಟಿಲ ಕೂಸಿಗೆ ಮಾತ್ರ, ಸಾಬೂನು ಬಿಸಿನೀರುಗಳಲ್ಲಿ ಒಗೆದು ಬಿಸಿಲಿಗೆ ಹರವಿದ ಸಾದಾ ಹತ್ತಿಯೇ ಲೇಸು.