ಹೂವಿಗೆ ಹಾಕಿದ ನೀರು ಇಸ್ರಾಫೇ?

ಅಥಣಿ ಕಡೆಯ ಒಬ್ಬ ಸಹೋದರಿ ನನ್ನನ್ನು ಕೇಳಿದ ಪ್ರಶ್ನೆಯಿದು. ಆಕೆ ಅಂಗಳದಲ್ಲಿ ನಾಲ್ಕು ಕುಂಡಗಳಲ್ಲಿ ಪ್ಯಾನ್ಸಿ ಹೂವಿನ ಸಸಿ ಬೆಳೆಸಿದ್ದರು. ಅತ್ತೆ ಗದರಿದರಂತೆ: "ಪಲ್ಯಕ್ಕೂ ಬಾರದ, ಮುಡಿಯಲೂ ಆಗದ ಹೂವಿಗೆ ನೀರು ಹಾಕುವುದು ಇಸ್ರಾಫ್. ನಾಳೆ ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕು." ಆಕೆಗೆ ನಿದ್ದೆ ಹತ್ತಲಿಲ್ಲ. ಅತ್ತೆಯ ಮಾತಿಗಿಂತ, ಅತ್ತೆಯ ಮಾತು ನಿಜವಾಗಿದ್ದರೆ ಎಂಬ ಭಯವೇ ಹೆಚ್ಚು.

ಓದುಗರೇ, ಅತ್ತೆಯನ್ನು ಬೈಯುವ ಮೊದಲು ನಮ್ಮ ಸೀಮೆಯನ್ನು ನೆನೆಯಿರಿ. 2005, 2019, 2021ರ ಮಳೆಗಾಲಗಳಲ್ಲಿ ಕೃಷ್ಣೆ ಊರೊಳಗೆ ನುಗ್ಗಿದ್ದನ್ನು ಕಂಡವರು ನಾವು. ಅದೇ ಕೃಷ್ಣೆ ಏಪ್ರಿಲ್-ಮೇ ತಿಂಗಳಲ್ಲಿ ಬತ್ತಿ, ಕೊಯ್ನಾದಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳಿದ್ದೂ ಎಷ್ಟು ಸಲವೋ! ರಾಯಬಾಗ, ಅಥಣಿ, ಕಾಗವಾಡದ ಹೆಂಗಸರು ಕೊಡ ಹೊತ್ತವರು. ನೀರಿನ ಬೆಲೆ ಆ ಅತ್ತೆಗೆ ಗೊತ್ತು. ಹಾಗಾಗಿ ಅವರ ಪ್ರಶ್ನೆ ಸರಿಯಾದದ್ದೇ. ಉತ್ತರ ಮಾತ್ರ ಬೇರೆ.

ಮೊದಲನೆಯದಾಗಿ, ಪ್ಯಾನ್ಸಿ ಮತ್ತು ಅದರ ತಂಗಿಯಂತಿರುವ ವಯೋಲಾ ಚಳಿಗಾಲದ ಹೂಗಳು. ನೀರಿಗೆ ಪರದಾಡುವ ಬೇಸಿಗೆಯಲ್ಲಿ ಅವು ಇರುವುದೇ ಇಲ್ಲ. ಮಾರ್ಚ್ ಬಿಸಿಲಿಗೆ ತಾವೇ ಬಾಡಿ ಹೋಗುತ್ತವೆ. ಎರಡನೆಯದಾಗಿ, ಅವಕ್ಕೆ ಹೊಸ ನೀರೇ ಬೇಕಿಲ್ಲ. ಪ್ರವಾದಿಯವರು(ಸ) ಒಂದು 'ಮುದ್ದ್' ನೀರಿನಲ್ಲಿ ವುಝೂ ಮಾಡುತ್ತಿದ್ದರು; ಎಂದರೆ ಜೋಡಿಸಿದ ಎರಡು ಬೊಗಸೆ ಕೈ ತುಂಬುವಷ್ಟು. ನಾವು ನಲ್ಲಿ ತೆರೆದಿಟ್ಟು ಬಕೆಟ್ ಖಾಲಿ ಮಾಡುತ್ತೇವೆ, ಇಸ್ರಾಫ್ ಇರುವುದು ಅಲ್ಲಿ! ವುಝೂ ಮಾಡುವಾಗ ಕೆಳಗೊಂದು ಬೋಗುಣಿ ಇಡಿ. ನಮ್ಮ ಫಿಕ್‌ಹ್ ಗ್ರಂಥಗಳು ಈ ಬಳಸಿದ ನೀರನ್ನು 'ಮುಸ್ತಅಮಲ್' ಎನ್ನುತ್ತವೆ. ಅದರಿಂದ ಮತ್ತೆ ವುಝೂ ಆಗದು, ಆದರೆ ನೀರು ತಾನು ಶುದ್ಧವೇ. ಗಿಡಕ್ಕೆ ಹಾಕಲು ಯಾವ ಅಡ್ಡಿಯೂ ಇಲ್ಲ. ಸಾಬೂನು ಬೆರೆತಿರದ ಕಾರಣ ಗಿಡಕ್ಕೂ ಒಳ್ಳೆಯದು. ಮನೆಯಲ್ಲಿ ನಾಲ್ಕು ಜನ ನಮಾಝಿಗಳಿದ್ದರೆ ನಾಲ್ಕು ಕುಂಡಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಸಿಗುತ್ತದೆ. ಗಿಡದಿಂದ ಹಕ್ಕಿಯೋ ಮನುಷ್ಯನೋ ತಿಂದರೂ ನೆಟ್ಟವನಿಗೆ ಸದಕಾದ ಪುಣ್ಯವಿದೆ ಎಂಬುದು ನಿಮಗೆ ತಿಳಿದ ವಿಷಯ. ಈ ಹೂವಿನ ಎಸಳನ್ನು ತಿನ್ನಲೂ ಬಹುದು, ಅದನ್ನು ಮುಂದೆ ಹೇಳುತ್ತೇನೆ.

ಬೆಳೆಸುವ ಕ್ರಮ ಕಷ್ಟದ್ದಲ್ಲ. ಆದರೆ ಅವಸರ ಕೂಡದು. ನಾನು ಮೊದಲ ವರ್ಷ ಆಗಸ್ಟ್‌ನಲ್ಲೇ, ಅಂಗಳದ ಎರೆಮಣ್ಣಿನಲ್ಲೇ ಬೀಜ ಚೆಲ್ಲಿದೆ. ಒಂದೂ ಹುಟ್ಟಲಿಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಇದರ ಎಳೆ ಬೇರು ಅದನ್ನು ತಾಳದು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮರಳು ಸೇರಿಸಿ ಕುಂಡ ತುಂಬಿರಿ. ತಳದಲ್ಲಿ ತೂತು ಇರಲೇಬೇಕು.

ಬಿತ್ತನೆ ಅಕ್ಟೋಬರ್‌ನಲ್ಲಿ, ಮಳೆ ಹಿಂದೆಗೆದು ರಾತ್ರಿ ತಂಪಾಗತೊಡಗಿದಾಗ. ನಿಪ್ಪಾಣಿ, ಚಿಕ್ಕೋಡಿಯ ತಂಬಾಕು ಬೆಳೆಗಾರರ ಮನೆಯವರಿಗೆ ಸಸಿಮಡಿಯ ಕೆಲಸ ಹೇಳಿಕೊಡಬೇಕಾಗಿಲ್ಲ. ಸಾಸಿವೆಗಿಂತ ಸಣ್ಣ ತಂಬಾಕಿನ ಬೀಜವನ್ನೇ ಸಾಕಿದ ಕೈಗಳು ಅವು. ಪ್ಯಾನ್ಸಿಯ ಬೀಜ ಅದಕ್ಕಿಂತ ದೊಡ್ಡದು. ಒಂದು ವ್ಯತ್ಯಾಸ ಮಾತ್ರ ನೆನಪಿಡಿ, ಇದು ಮೊಳೆಯಲು ಕತ್ತಲೆ ಬೇಕು. ತೆಳುವಾಗಿ ಮಣ್ಣು ಮುಚ್ಚಿ, ಮೇಲೆ ಒದ್ದೆ ಗೋಣಿತಟ್ಟು ಹಾಕಿ, ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿಡಿ. ಹತ್ತು-ಹದಿನೈದು ದಿನದಲ್ಲಿ ಮೊಳಕೆ ಕಾಣುತ್ತದೆ. ಕಂಡ ದಿನವೇ ಗೋಣಿ ತೆಗೆಯಿರಿ, ಇಲ್ಲವಾದರೆ ಸಸಿ ಬಿಳಿಚಿ ಉದ್ದವಾಗುತ್ತದೆ. ನಾಲ್ಕೈದು ಎಲೆ ಬಂದ ಮೇಲೆ ಗೇಣಿಗೊಂದರಂತೆ ನೆಡಿ. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನದ್ದು ಬೇಡ. ಹದಿನೈದು ದಿನಕ್ಕೊಮ್ಮೆ ಸೋಸಿದ ಸೆಗಣಿ ನೀರು ಸಾಕು. ಬಾಡಿದ ಹೂವನ್ನು ಕಾಯಿ ಕಟ್ಟುವ ಮೊದಲೇ ಚಿವುಟಿ ಹಾಕಿ. ಹಾಗೆ ಬಿಟ್ಟರೆ ಗಿಡ ಕೆಲಸ ಮುಗಿಯಿತೆಂದು ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಹೊಸ ವರ್ಷದ ಹೊತ್ತಿಗೆ ಹೂ ನೋಡುತ್ತೀರಿ.

ಪ್ಯಾನ್ಸಿಯೋ ವಯೋಲಾವೋ? ಪ್ಯಾನ್ಸಿ ದೊಡ್ಡದು, ನಡುವೆ ಕಪ್ಪು ಮಚ್ಚೆಯಿದ್ದು ಪುಟ್ಟ ಮುಖದಂತೆ ಕಾಣುತ್ತದೆ. ಮಕ್ಕಳಿಗೆ ಇದೇ ಇಷ್ಟ. ವಯೋಲಾ ಚಿಕ್ಕದು, ಆದರೆ ಹೂ ಹೆಚ್ಚು, ಬಿಸಿಲನ್ನೂ ತುಸು ಹೆಚ್ಚು ತಾಳುತ್ತದೆ. ನಮ್ಮ ಸೀಮೆಗೆ ವಯೋಲಾವೇ ಮೇಲು ಎಂದು ನನ್ನ ಅಭಿಪ್ರಾಯ.

ಹೆಸರು ಇಂಗ್ಲಿಷಿನದೆಂದು ಇದನ್ನು ಪರಕೀಯ ಎನ್ನಬೇಡಿ. ನೆಗಡಿಯಾದಾಗ ಅಜ್ಜಿ ಕುದಿಸಿ ಕೊಡುತ್ತಿದ್ದ ಜೋಶಾಂದೆಯಲ್ಲಿನ ಗುಲೆ ಬನಫ್ಶಾ ಇದೇ ಕುಲದ್ದು. ಅದು ಕಾಶ್ಮೀರ, ಹಿಮಾಚಲದ ತಂಪಿನಲ್ಲಿ ಬೆಳೆಯುತ್ತದೆ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ ಅದನ್ನು ಔಷಧಿಗಳ ಸಾಲಿನಲ್ಲಿ ಸೇರಿಸಿದ್ದಾರೆ. ಆದರೆ ಬನಫ್ಶಾ ಎಣ್ಣೆಯ ಹಿರಿಮೆಯನ್ನು ಪ್ರವಾದಿಯವರೇ(ಸ) ಸಾರಿದರೆಂಬ ಒಂದು ಮಾತೂ ಹರಿದಾಡುತ್ತದೆ. ಅದನ್ನು ನಂಬಬೇಡಿ, ಹಂಚಬೇಡಿ. ಹಿಜರಿ ಆರನೇ ಶತಮಾನದ ವಿದ್ವಾಂಸ ಇಬ್ನುಲ್ ಜೌಝಿ ಅದನ್ನು ಕಟ್ಟುಕತೆಯ ಹದೀಸ್‌ಗಳ ಪಟ್ಟಿಗೆ ಸೇರಿಸಿಯಾಗಿದೆ. ಅಂಗಳದ ಪ್ಯಾನ್ಸಿಯನ್ನು ಔಷಧಿಯೆಂದು ಕುದಿಸಿ ಕುಡಿಯುವುದೂ ಬೇಡ.

ಎಸಳುಗಳನ್ನು ಶರಬತ್ತಿನ ಮೇಲೆ ಉದುರಿಸಬಹುದು. 2027ರಲ್ಲಿ ರಮಝಾನ್ ಫೆಬ್ರವರಿಯಲ್ಲಿ ಬರುತ್ತದೆ, ಆಗ ಗಿಡ ತುಂಬಾ ಹೂ ಇರುತ್ತದೆ. ಆದರೆ ಒಂದು ಎಚ್ಚರಿಕೆ. ಹೇನು ಬಿದ್ದರೆ ನಿಪ್ಪಾಣಿ ಕಡೆ ಥಟ್ಟನೆ ತಂಬಾಕು ನೆನೆಸಿದ ನೀರು ಸಿಂಪಡಿಸುತ್ತಾರೆ. ಹೇನು ಸಾಯುತ್ತದೆ ನಿಜ, ಆದರೆ ಆ ವಿಷ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ತಿನ್ನುವ ಹೂವಿಗೆ ಅದನ್ನು ಖಂಡಿತ ಮುಟ್ಟಿಸಬೇಡಿ. ನೀರನ್ನೇ ರಭಸವಾಗಿ ಚಿಮುಕಿಸಿ ಹೇನನ್ನು ತೊಳೆಯಿರಿ. ಅಂಗಡಿಯಿಂದ ತಂದ ಗಿಡದ ಹೂವನ್ನೂ ತಿನ್ನಬೇಡಿ, ಏನು ಸಿಂಪಡಿಸಿದ್ದಾರೋ ತಿಳಿಯದು.

ಆ ಸಹೋದರಿಗೆ ನಾನು ಇಷ್ಟನ್ನೇ ಹೇಳಿ ಕಳುಹಿಸಿದೆ. ಈಗ ಬೋಗುಣಿ ಇಟ್ಟಿದ್ದಾರಂತೆ. ಅಸರ್‌ನ ವುಝೂ ನೀರನ್ನು ಕುಂಡಕ್ಕೆ ಸುರಿಯುವವರು ಅತ್ತೆಯೇ ಅಂತೆ, ಸೊಸೆ ಹೆಚ್ಚು ಹಾಕಿಬಿಡುತ್ತಾಳೆ ಎಂದು ಗೊಣಗುತ್ತಾ.