ಹಂದಿಗೂಡಿನ ಸಂಜೆಯ ಒಂದು ಒಳ್ಳೆಯ ಕುಸ್ತಿ

ಪೆನ್ಸಿಲ್ವೇನಿಯಾದ ಹರ್ಷೀ ಊರಿಗೆ ನಮ್ಮ ಕೂಟದ ಅನೇಕ ಕುಟುಂಬಗಳು ಹೋಗಿಬಂದಿವೆ. ಚಾಕೊಲೇಟಿನ ಪರಿಮಳ, ಮಕ್ಕಳ ಕೇಕೆ, ಮರಳುವಾಗ ಕೈತುಂಬ ಚೀಲಗಳು. ಅಲ್ಲಿಯ ಹಳೆಯ ಐಸ್ ಹಾಕಿ ಅಂಗಣವನ್ನು ಮಾತ್ರ ನಾವು ಗಮನಿಸುವುದಿಲ್ಲ. 1962ರಲ್ಲಿ ವಿಲ್ಟ್ ಚೇಂಬರ್ಲೇನ್ ಒಂದೇ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ 100 ಅಂಕ ಗಳಿಸಿದ್ದು ಅಲ್ಲಿಯೇ. 1995ರ ಡಿಸೆಂಬರ್ 17ರಂದು ಬ್ರೆಟ್ ಹಾರ್ಟ್ ಹಾಗೂ ‘ಬ್ರಿಟಿಷ್ ಬುಲ್‌ಡಾಗ್’ ಡೇವಿ ಬಾಯ್ ಸ್ಮಿತ್ ಸೆಣಸಿದ್ದೂ ಅಲ್ಲಿಯೇ. ಮೊದಲನೆಯದನ್ನು ಜಗತ್ತು ಮರೆತಿಲ್ಲ. ಎರಡನೆಯದೂ ಸ್ಮರಣೆಗೆ ಅರ್ಹವೆಂಬುದು ನಮ್ಮ ಅಭಿಪ್ರಾಯ.

1995 ಡಬ್ಲ್ಯು.ಡಬ್ಲ್ಯು.ಎಫ್. ಸಂಸ್ಥೆಗೆ ಬಡ ವರ್ಷ. ಹಲ್ಕ್ ಹೋಗನ್ ಹಿಂದಿನ ವರ್ಷವೇ ಎದುರಾಳಿ ಸಂಸ್ಥೆಯನ್ನು ಸೇರಿದ್ದನು. ಕಸ ಎತ್ತುವವ, ದಂತವೈದ್ಯ, ಹಂದಿ ಸಾಕುವವ ಮುಂತಾದ ವೇಷಗಳು ಅಖಾಡವನ್ನು ತುಂಬಿದ್ದವು. ಅದೇ ಸಂಜೆ, ಅದೇ ಅಂಗಣದಲ್ಲಿ, ಸೋತವನನ್ನು ಹಂದಿಗೂಡಿಗೆ ಎಸೆಯುವ ಪಂದ್ಯವೊಂದೂ ನಡೆಯಿತು. ಅಂತಹ ಸಂಜೆಯ ಕೊನೆಯಲ್ಲಿ ಈ ಇಬ್ಬರು ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಮನಸ್ಸಿಟ್ಟು ಕಾದಾಡಿದರು.

ಡೇವಿ, ಬ್ರೆಟ್‌ನ ತಂಗಿ ಡಯಾನಾಳ ಗಂಡ. 1992ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ, ಸುಮಾರು 80,000 ಜನರೆದುರು, ಇವರಿಬ್ಬರ ಕಾಳಗದಲ್ಲಿ ಡೇವಿ ಗೆದ್ದಿದ್ದನು. ಆ ಪಂದ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಹರ್ಷೀಯಲ್ಲಿ ಅಷ್ಟು ಜನರಿರಲಿಲ್ಲ, ಮನೆಮಗನಿಗೆ ಜಯಕಾರ ಹಾಕುವ ಊರೂ ಅದಾಗಿರಲಿಲ್ಲ. ಡೇವಿಯ ತೋಳ್ಬಲದ ಮುಂದೆ ಬ್ರೆಟ್ ಮತ್ತೆ ಮತ್ತೆ ನೆಲಕಚ್ಚಿದನು. ಹಣೆಯ ರಕ್ತ ಮುಖವನ್ನೆಲ್ಲ ತೊಯ್ಯಿಸಿತು. ಕಡೆಗೆ ಬಲದಿಂದಲ್ಲ, ಮಿಂಚಿನಂತೆ ಸುತ್ತಿ ಮಗುಚಿದ ಒಂದು ಪಟ್ಟಿನಿಂದ ಅವನು ತನ್ನ ಪಟ್ಟವನ್ನು ಉಳಿಸಿಕೊಂಡನು. ವೆಂಬ್ಲಿಯ ವೈಭವಕ್ಕಿಂತ ಹರ್ಷೀಯ ಈ ಬಿಗಿ ನಮಗೆ ಹೆಚ್ಚು ಮೆಚ್ಚುಗೆಯಾಯಿತು.

ಇದೆಲ್ಲ ಬರಿಯ ನಾಟಕವೆಂದು ನಮ್ಮ ಹಿರಿಯರು ತಳ್ಳಿಹಾಕುತ್ತಾರೆ. ನಾಟಕವೇ ಸರಿ. ಆದರೆ ‘ಗದಾಯುದ್ಧ’ ಪ್ರಸಂಗಕ್ಕೆ ಹೋಗುವವರಿಗೆ ಕೌರವನ ತೊಡೆ ಮುರಿಯುವುದು ಮೊದಲೇ ತಿಳಿದಿಲ್ಲವೇ? ಆದರೂ ಬೆಳಗಿನವರೆಗೆ ಕೂರುತ್ತೇವೆ, ವೇಷಧಾರಿ ಆ ಸೋಲನ್ನು ಹೇಗೆ ಕಾಣಿಸುತ್ತಾನೆಂದು ನೋಡಲು. ಬ್ರೆಟ್‌ನ ತಂದೆ ಸ್ಟೂ ಹಾರ್ಟ್ ಕ್ಯಾಲ್ಗರಿಯ ತನ್ನ ಮನೆಯ ನೆಲಮಾಳಿಗೆಯನ್ನೇ ಗರಡಿಯಾಗಿಸಿ ಮಲ್ಲರನ್ನು ತಯಾರು ಮಾಡಿದವನು. ಕಲೆಯೆಂದರೆ ಶ್ರಮವೆಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ಮಾತನ್ನು ಮುಚ್ಚಿಡಲಾರೆವು. ಆ ದಿನಗಳಲ್ಲಿ ಸಂಸ್ಥೆ ರಕ್ತಪಾತವನ್ನು ಒಪ್ಪುತ್ತಿರಲಿಲ್ಲ. ತಾನೇ ಹಣೆ ಕೊಯ್ದುಕೊಂಡುದಾಗಿ ಬ್ರೆಟ್ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಡೇವಿ 2002ರಲ್ಲಿ, ತನ್ನ 39ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡನು. ನಾವು ಕುಳಿತು ನೋಡುವ ಆಟಕ್ಕೆ ಆಡುವವರ ದೇಹ ಬೆಲೆ ತೆರುತ್ತದೆ. ರಕ್ತವಿಲ್ಲದಿದ್ದರೂ ಆ ಪಂದ್ಯ ಒಳ್ಳೆಯದೇ ಆಗಿರುತ್ತಿತ್ತೆಂದು ನಾವು ನಂಬುತ್ತೇವೆ.

ನಮ್ಮ ಹಬ್ಬದ ಸಂಜೆಗಳಲ್ಲಿಯೂ ಕೊನೆಯ ನಾಟಕದ ಹೊತ್ತಿಗೆ ಅರ್ಧ ಕುರ್ಚಿಗಳು ಖಾಲಿಯಾಗಿರುತ್ತವೆ. ವೇದಿಕೆಯ ಮೇಲಿನವರು ಒಂದು ಮಾತನ್ನೂ ನುಂಗದೆ ಆಡಿ ಮುಗಿಸುತ್ತಾರೆ. ಹರ್ಷೀಯ ಆ ಪಂದ್ಯವನ್ನು ನೋಡಿದಾಗ ನಮಗೆ ಅವರ ನೆನಪಾಯಿತು. ಚಳಿಗಾಲದ ಒಂದು ಸಂಜೆ, ಬೆಳೆದ ಮಕ್ಕಳೊಡನೆ ಕುಳಿತು ನೀವೂ ನೋಡಿ. ಆ ರಕ್ತದ ಬಗೆಗೂ ಅವರೊಡನೆ ಮಾತನಾಡಿ.